ಕರಿಗುಡ್ಡ ಕ್ರಾಸಿನಲ್ಲಿ ದಾರಿ ಕೇಳುವವರಿಲ್ಲ

ಕರಿಗುಡ್ಡ ಕ್ರಾಸ್,
ಫೆಬ್ರವರಿ 30, 2319

ಮುನ್ನೂರು ವರ್ಷ ಹಿಂದಿನ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಯೊಂದೇ ಬಡವಾಗಿರುವುದು ಬೇಡವೆಂದು ನಮ್ಮ ಕಾಲದವರು ಅದಕ್ಕೂ ಮೂವತ್ತು ದಿನ ತುಂಬಿಸಿಕೊಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಮಾತಾಡುವ ರೂಢಿ ತಪ್ಪಿದೆ.

ನಾನು ಇಲ್ಲಿಯ ದಾರಿಗಾರ್ತಿ. ಅಂದರೆ ನಾಲ್ಕು ರಸ್ತೆ ಕೂಡುವಲ್ಲಿ ಕುಳಿತು, ಕೇಳಿದವರಿಗೆ ದಾರಿ ಹೇಳುವವಳು. ಈಗ ಜನ ತಾನೋಡಿಗಳಲ್ಲಿ, ಎಂದರೆ ತಾವೇ ಓಡುವ ಗಾಡಿಗಳಲ್ಲಿ, ಕಣ್ಣು ಮುಚ್ಚಿಕೊಂಡು ಹೋಗುತ್ತಾರೆ. ಗಾಡಿಗೆ ಎಲ್ಲ ಗೊತ್ತು. ಗೊತ್ತಿದ್ದವರು ಯಾರನ್ನೂ ಕೇಳುವುದಿಲ್ಲ. ಊರಲ್ಲಿ ಏಳು ಮನೆ, ಆರಕ್ಕೆ ಬೀಗ. ಏಳನೆಯದರಲ್ಲಿ ನಾನಿದ್ದೇನೆ, ಈಗ. ಬೆಳಿಗ್ಗೆ ಕಟ್ಟೆ ಗುಡಿಸಿ, ಹರವಿಗೆ ನೀರು ತುಂಬಿಸಿ, ಒಬ್ಬಳಿಗೆ ಬೇಕಾದ್ದಕ್ಕಿಂತ ಎರಡು ರೊಟ್ಟಿ ಹೆಚ್ಚು ಬಡಿಯುತ್ತೇನೆ. ಆಮೇಲೆ ಮರೆಯದಿರಲೆಂದು ಬಯಲಿಗೇ ಪಾಠ ಒಪ್ಪಿಸುತ್ತೇನೆ: ಎಡಕ್ಕೆ ಏರು, ಬಲಕ್ಕೆ ನೀರು, ನೆಟ್ಟಗೆ ಬೇವಿನಾಳ ಊರು, ತಿರುಗಿ ಬಂದರೆ ನನ್ನ ಸೂರು.

ವರ್ಷಕ್ಕೆ ಒಬ್ಬರಾದರೂ ದಾರಿ ಕೇಳಿದರೆ ಕ್ರಾಸಿನ ಹೆಸರು ನಕ್ಷೆಯಲ್ಲಿ ಉಳಿಯುತ್ತದೆ. ಇಲ್ಲವಾದರೆ ನಕ್ಷೆ ಕಚೇರಿಯವರು ಹೆಸರು ಅಳಿಸಿ, ಮನೆ ಕೆಡವಿ, ರಸ್ತೆ ಅಗಲ ಮಾಡುತ್ತಾರೆ.

ಈ ವರ್ಷ ಒಬ್ಬ ಬಂದಿದ್ದ. ದ್ಯಾವಣ್ಣನೆಂದು ಹೆಸರು, ಗಾಡಿ ಕೆಟ್ಟಿತ್ತು.

“ಯಕ್ಕಾ, ಬೇವಿನಾಳಕ್ಕ ಯಾ ಕಡೆ ಹೋಗ್ಬೇಕು?”

ನೆಟ್ಟಗೆ ನಡೆದರೆ ಅರ್ಧ ತಾಸು. ನಾನು ಬಲಕ್ಕೆ ಕೈ ತೋರಿಸಿದೆ. ಆ ದಾರಿ ಹಳ್ಳ ಬಳಸಿಕೊಂಡು ಮತ್ತೆ ಇಲ್ಲಿಗೇ ಬರುತ್ತದೆ. ಸಂಜೆ ಅವನೂ ಬಂದ, ಮೊಣಕಾಲತನಕ ಧೂಳು.

“ಏನ್ ಯಕ್ಕಾ, ಗಾಣದೆತ್ತು ಮಾಡಿಬಿಟ್ಟಿ ನನ್ನ!”

“ನೆಟ್ಟಗ ಕಳಿಸಿದ್ರ ನೀ ಹೊಳ್ಳಿ ಬರ್ತಿದ್ದೇನಪಾ? ಕುಂದ್ರು, ರೊಟ್ಟಿ ಅದಾವ.”

ನಕ್ಕ. ಎರಡೂ ರೊಟ್ಟಿ ತಿಂದ. ಹೆಂಡತಿಯ ಗೊರಕೆಯ ಕಥೆ ಹೇಳಿದ. ಆಮೇಲೆ ಸರಿಯಾದ ದಾರಿ ತೋರಿಸಿದೆ.

ಕಚೇರಿಯವರು ವಿಚಾರಿಸಿದಾಗ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಒಳ್ಳೆಯವನು. ಮೊದಲು ಹೇಳಿದ್ದೇ ಲೆಕ್ಕ, ತಪ್ಪು ದಾರಿ ಹೇಳಿದ್ದು ಎಣಿಕೆಗೆ ಬರುವುದಿಲ್ಲವೆಂದು ನನಗೆ ಪತ್ರ ಬಂತು. ಒಂದು ಸಂಜೆಯ ಮಾತಿಗೆ ಊರಿನ ಹೆಸರನ್ನೇ ಕೊಟ್ಟುಬಿಟ್ಟೆ. ಗಡುವಿಗೆ ಇನ್ನು ಹನ್ನೊಂದು ದಿನ.

ನಿಮ್ಮ ಕೈಯಲ್ಲಿ ಫೋನಿದೆ, ಬಲ್ಲೆ. ಆದರೂ ಯಾವುದಾದರೊಂದು ಕ್ರಾಸಿನಲ್ಲಿ ಇಳಿದು, ಗೊತ್ತಿದ್ದ ದಾರಿಯನ್ನೇ ಒಮ್ಮೆ ಕೇಳಿ. ಮಕ್ಕಳಿಗೂ ಕಲಿಸಿ. ಆ ರೂಢಿ ಮುನ್ನೂರು ವರ್ಷ ದಾಟಿಬಂದು, ಈ ಹನ್ನೊಂದು ದಿನದೊಳಗೆ ಒಬ್ಬರನ್ನು ಇಲ್ಲಿ ಇಳಿಸಿದರೆ ಸಾಕು.

ಈ ಸಲ ನೆಟ್ಟಗಿನ ದಾರಿಯನ್ನೇ ಹೇಳುತ್ತೇನೆ. ಅವರು ತಿರುಗಿ ಬರದಿದ್ದರೂ ಸರಿ.