ನಮ್ಮ ಮಹಡಿಗೆ ಬೀದಿಯ ಒಪ್ಪಿಗೆ

ವಿದೇಶಿ ವಿದ್ಯಾರ್ಥಿಗಳ ವಸತಿ ಘಟಕದ ನಿರ್ದೇಶಕರಿಗೆ,
ಪಟ್ಟಂ, ತಿರುವನಂತಪುರ

ಮಾನ್ಯ ನಿರ್ದೇಶಕರೇ,

ಕಳಮಶ್ಶೇರಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರಬೇಕಾಗಿದ್ದ ನೀಮಾ ಎಂಬ ಟಾಂಜಾನಿಯಾದ ವಿದ್ಯಾರ್ಥಿನಿ ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೋದಳು. ಮನೆ ಸಿಗಲಿಲ್ಲವೆಂದಲ್ಲ. ಮನೆ ಇತ್ತು, ಬಾಡಿಗೆ ಅವಳ ಕೈಗೆಟಕುವಷ್ಟೇ ಇತ್ತು, ಮನೆಯ ಯಜಮಾನನಾದ ನಾನು ಕೀಲಿಕೈ ಹಿಡಿದು ನಿಂತಿದ್ದೆ. ಇಲ್ಲದಿದ್ದದ್ದು ನಿಮ್ಮ ಘಟಕದ ವಿಳಾಸ ದೃಢೀಕರಣ ಒಂದೇ. ಅದು ಬೇಕಾದರೆ ಬೀದಿಯ ರೆಸಿಡೆಂಟ್ಸ್ ಅಸೋಸಿಯೇಷನ್‌ನಿಂದ ‘ಆಕ್ಷೇಪವಿಲ್ಲ’ ಎಂಬ ಪತ್ರ ತನ್ನಿ ಎಂದಿರಿ. ಅಸೋಸಿಯೇಷನ್‌ಗೆ ಆಕ್ಷೇಪವಿತ್ತು. ಅಲ್ಲಿಗೆ ಒಂದು ಹುಡುಗಿಯ ವಿದ್ಯಾಭ್ಯಾಸ ಮುಗಿಯಿತು.

ಕನ್ನಡದಲ್ಲಿ ಬರೆದಿದ್ದೇನೆಂದು ಬೇಸರಿಸಬೇಡಿ. ಮಲಯಾಳದಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ, ನಿಮ್ಮಿಂದ ಉತ್ತರ ಬರಲಿಲ್ಲ. ನಾನು ಮಂಜೇಶ್ವರದವ. ಉತ್ತರ ಬಾರದೇ ಇರುವುದಾದರೆ ನನ್ನ ಭಾಷೆಯಲ್ಲಿ ಬರೆದದ್ದಕ್ಕೇ ಬಾರದಿರಲಿ, ಪತ್ರಿಕೆಗೂ ಒಂದು ಪ್ರತಿ ಕಳುಹಿಸಿದರೆ ಊರಿನ ನಾಲ್ಕು ಜನರಾದರೂ ಓದುತ್ತಾರೆ ಎಂದುಕೊಂಡೆ. ಭಾಷಾಂತರಕ್ಕೆ ಕಳುಹಿಸಿದ್ದೇವೆ ಎಂದು ಹೇಳಿಕೊಳ್ಳಲು ನಿಮಗೂ ಒಂದು ಒಳ್ಳೆಯ ಸಬೂಬು ಸಿಕ್ಕಂತಾಯಿತು.

ನಡೆದದ್ದನ್ನು ಹೇಳುತ್ತೇನೆ. ನೀಮಾ ಮೀನು ಸಂಸ್ಕರಣೆಯಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಮೊದಲ ವರ್ಷ ಹಾಸ್ಟೆಲಿನಲ್ಲಿದ್ದಳು. ಹೊಸಬರು ಬಂದಾಗ ಹಳಬರು ಹೊರಗೆ ಹೋಗಬೇಕೆಂಬುದು ಅಲ್ಲಿಯ ಕ್ರಮ. ಆಮೇಲೆ ಎಡಪ್ಪಳ್ಳಿ, ಆಲುವಾ ಎಂದು ಮನೆ ಹುಡುಕುತ್ತ ಅಲೆದಳು. ಫೋನಿನಲ್ಲಿ ಮನೆ ಖಾಲಿ ಇರುತ್ತಿತ್ತು, ಬಾಗಿಲಲ್ಲಿ ಇವಳ ಮುಖ ಕಂಡ ಕೂಡಲೇ ಅದು ಬೇರೆಯವರಿಗೆ ಹೋಗಿರುತ್ತಿತ್ತು. ಕೊನೆಗೆ ಅವಳ ಸಹಪಾಠಿ, ನಮ್ಮ ಕಾಸರಗೋಡಿನ ಹುಡುಗಿ ವಿಜೇತಾ, ಅವಳನ್ನು ನಮ್ಮ ಮನೆಗೆ ಕರೆತಂದಳು. ನನ್ನ ಹೆಂಡತಿ ಇಂದುಮತಿಗೆ ಅವಳು ಕಂಡ ಗಳಿಗೆಯಲ್ಲೇ ಇಷ್ಟವಾದಳು. ಅವರ ಊರಲ್ಲೂ ಅನ್ನವನ್ನು ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರಂತೆ. ಇಬ್ಬರಿಗೂ ಅಷ್ಟೇ ಸಾಕಾಯಿತು.

ಇಲ್ಲೇ ನಾವೊಂದು ಎಡವಟ್ಟು ಮಾಡಿಕೊಂಡೆವು. ಮನೆಗೆ ಹೊಸಬರು ಬರುವಾಗ ಹಾಲುಕ್ಕಿಸುವುದು ನಮ್ಮಲ್ಲಿ ವಾಡಿಕೆ, ಇಲ್ಲಿಯವರೂ ಪಾಲುಕಾಚಲ್ ಎಂದು ಅದನ್ನೇ ಮಾಡುತ್ತಾರೆ. “ಆ ಹುಡುಗಿಗೆ ಇಲ್ಲಿ ಯಾರುಂಟು? ಬೀದಿಯವರನ್ನೆಲ್ಲ ಕರೆಯುವ, ನಾಲ್ಕು ಹೆಂಗಸರ ಪರಿಚಯವಾಗಲಿ” ಎಂದಳು ಇಂದುಮತಿ. ವಕೀಲಿಕೆ ಮಾಡುವ ನನ್ನ ತಲೆಗೂ ಬೇರೇನೂ ಹೊಳೆಯಲಿಲ್ಲ. ಸದ್ದಿಲ್ಲದೆ ಅವಳ ಪೆಟ್ಟಿಗೆಯನ್ನು ಮಹಡಿಗೆ ಹತ್ತಿಸಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ನಾವು ಮನೆಮನೆಗೆ ಹೋಗಿ ಆಹ್ವಾನ ಕೊಟ್ಟು ಬಂದೆವು.

ಎಲ್ಲರೂ ಬಂದರು. ನೀಮಾ ಇಂದುಮತಿಯ ಸೀರೆ ಉಟ್ಟು ಹಾಲು ಉಕ್ಕಿಸಿದಳು. ಬೀದಿಗೆಲ್ಲ ಅಕ್ಕನಾದ ಎದುರುಮನೆಯ ಜುಬೈದಾತ್ತ ಅಕ್ಕಿಹಿಟ್ಟಿನ ಪತ್ತಿರಿ ತಂದು, ಹುಡುಗಿಯ ಗಲ್ಲ ಹಿಡಿದು ಮುದ್ದಿಸಿದರು. ಅಸೋಸಿಯೇಷನ್ ಕಾರ್ಯದರ್ಶಿಗಳು ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡು, ಕೆನಡಾದಲ್ಲಿ ಓದುತ್ತಿರುವ ತಮ್ಮ ಮಗನ ಕಷ್ಟ ಹೇಳಿಕೊಂಡರು. ಭಾರತದವನೆಂದು ತಿಳಿದರೆ ಮನೆ ಕೊಡುವುದಿಲ್ಲವಂತೆ, ನೆಲಮಾಳಿಗೆಯಲ್ಲಿ ಆರೇಳು ಮಂದಿಯ ಜೊತೆ ಮಲಗುತ್ತಾನಂತೆ. ಫೋನಿನಲ್ಲಿ ಆ ನೆಲಮಾಳಿಗೆಯ ಚಿತ್ರವನ್ನೂ ತೋರಿಸಿದರು. ನಮಗೂ ಪಾಪ ಅನ್ನಿಸಿತು.

ಮರುದಿನವೇ ಅಸೋಸಿಯೇಷನ್ ತುರ್ತು ಸಭೆ ಕರೆಯಿತು. ವಿದೇಶಿಯರು ಬಂದರೆ ಪೊಲೀಸರು ಬರುತ್ತಾರೆ ಎಂದರು. ಪೊಲೀಸರಿಗೆ ತಿಳಿಸಬೇಕಾದದ್ದನ್ನು ನಾನೇ ಕಾನೂನಿನಂತೆ ತಿಳಿಸಿದ್ದೇನೆ ಎಂದೆ. ಹಾಗಾದರೆ ಬಂದೇ ಬರುತ್ತಾರಲ್ಲ ಎಂದರು! ಇನ್ನೊಬ್ಬರು ಅಡುಗೆಯ ವಾಸನೆಯ ಬಗ್ಗೆ ಕಳವಳಪಟ್ಟರು. ಸ್ವಾಮೀ, ನಮ್ಮ ಬೀದಿಯಲ್ಲಿ ಮೀನು ಹುರಿಯದ ಮನೆ ಒಂದೇ ಒಂದು, ಅದು ನಮ್ಮದು. ಜುಬೈದಾತ್ತ ಮಾತ್ರ ಎದ್ದು ನಿಂತು, ಹುಡುಗಿ ಇರಲಿ, ಅವಳಿಂದ ಯಾರಿಗೇನು ತೊಂದರೆ ಎಂದು ಕೇಳಿದರು. ಅವರ ಮಾತನ್ನು ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ನಾನು ಕಾರ್ಯದರ್ಶಿಗಳಿಗೆ ಅವರ ಮಗನನ್ನು ನೆನಪಿಸಿದೆ.

“ಅದು ಬೇರೆ, ಇದು ಬೇರೆ, ವಕೀಲ್ ಸಾರೇ” ಎಂದರು.

ಇಷ್ಟಾದರೂ ನನಗೆ ಧೈರ್ಯವಿತ್ತು. ಅಸೋಸಿಯೇಷನ್ ಏನು ಸರಕಾರವೇ? ಓಣಂ ಹೂವಿನ ರಂಗೋಲಿಗೆ ಬಹುಮಾನ ಹಂಚುವ, ಬೀದಿದೀಪ ಕೆಟ್ಟರೆ ಅರ್ಜಿ ಕೊಡುವ ಸಂಘ. ಹಾಗೆಂದು ಬೆಳಗಿನ ರೈಲು ಹಿಡಿದು ನೀಮಾಳನ್ನು ಕರೆದುಕೊಂಡು ಪಟ್ಟಂನ ನಿಮ್ಮ ಕಚೇರಿಗೆ ಬಂದೆ. ತಾವು ಚಹಾ ತರಿಸಿದಿರಿ. ಸಜ್ಜನರು ನೀವು, ಅದನ್ನು ಅಲ್ಲಗಳೆಯುವುದಿಲ್ಲ. ಅಸೋಸಿಯೇಷನ್ ಪತ್ರ ಬೇಕೆಂಬ ನಿಯಮ ಎಲ್ಲಿದೆ ಎಂದು ಕೇಳಿದೆ. ನಿಯಮವೆಂದೇನಿಲ್ಲ, ಕೀಳ್‌ವಳಕ್ಕಂ ಎಂದಿರಿ. ಅಂದರೆ ಹಿಂದಿನಿಂದ ನಡೆದುಬಂದ ಪದ್ಧತಿ. ಯಾರು ಆರಂಭಿಸಿದರೋ ಗೊತ್ತಿಲ್ಲ, ಆದ್ದರಿಂದ ಯಾರೂ ನಿಲ್ಲಿಸುವಂತಿಲ್ಲ. ಹಿಂದೆ ಇದೇ ಮಹಡಿಯನ್ನು ಮಂಗಳೂರಿನ ಹುಡುಗನೊಬ್ಬನಿಗೆ ಕೊಡುವಾಗ ನನ್ನನ್ನು ಯಾರೂ ಬೀದಿಯ ಒಪ್ಪಿಗೆ ಕೇಳಿರಲಿಲ್ಲ ಎಂದೆ. ತಾವು ಕನ್ನಡಕ ಒರೆಸಿಕೊಂಡಿರಿ.

“ನಾಳೆ ಏನಾದರೂ ಆದರೆ ನಾನಲ್ಲವೇ ಉತ್ತರ ಹೇಳಬೇಕು?” ಎಂದಿರಿ.

ಆಗ ನೀಮಾ ಕೇಳಿದಳು: “ಏನಾಗಬಹುದು ಸರ್? ನನಗೋ, ಅವರಿಗೋ?”

ತಾವು ಕಾಕ್ಕನಾಡಿನ ಫ್ಲ್ಯಾಟುಗಳ ಹೆಸರು ಹೇಳಿದಿರಿ. ಅಲ್ಲಿ ಅಸೋಸಿಯೇಷನ್ ತಕರಾರು ಮಾಡುವುದಿಲ್ಲ ಎಂದಿರಿ. ನಿಜ, ಮಾಡುವುದಿಲ್ಲ. ಅಲ್ಲಿಯ ಬಾಡಿಗೆಗೆ ಅವಳ ವಿದ್ಯಾರ್ಥಿವೇತನ ಪೂರ್ತಿ ಸುರಿದರೂ ಸಾಲದು. ತಕರಾರಿನ ಕೆಲಸವನ್ನು ಬಾಡಿಗೆಯೇ ಮಾಡುತ್ತದೆ. ವಿದೇಶಿ ವಿದ್ಯಾರ್ಥಿಗಳಿಗೆಂದೇ ಕಟ್ಟಿದ ವಸತಿಗೃಹವಿದೆಯಲ್ಲ ಎಂದು ಕೇಳಿದೆ. ಅದು ಸಮ್ಮೇಳನಗಳಿಗೆ ಬರುವ ಅತಿಥಿಗಳಿಗೆ ಮೀಸಲಂತೆ. ಅಂದರೆ ಇಲ್ಲಿ ಎರಡು ದಿನ ಭಾಷಣ ಮಾಡಲು ಬರುವ ಪರದೇಶಿಗೆ ಹಾಸಿಗೆ ಉಂಟು, ಮೂರು ವರ್ಷ ಓದಲು ಬರುವವಳಿಗೆ ಇಲ್ಲ. ಹೌದೋ ಅಲ್ಲವೋ?

ವಿಳಾಸವಿಲ್ಲದೆ ಅವಳ ವಾಸದ ಪರವಾನಗಿ ನವೀಕರಣವಾಗಲಿಲ್ಲ. ನಾನು ಹೈಕೋರ್ಟಿಗೆ ಹೋಗೋಣ ಎಂದೆ, ರಿಟ್ ಅರ್ಜಿಯ ಕರಡನ್ನೂ ಬರೆದೆ. ಅವಳು ಬೇಡ ಎಂದಳು. “ನನ್ನ ಮೇಲೆ ಸಿಟ್ಟಿರುವ ಬೀದಿಯಲ್ಲಿ ಕೋರ್ಟಿನ ಕಾಗದ ಹಿಡಿದು ಹೇಗೆ ಬದುಕಲಿ ಅಂಕಲ್?” ಎಂದು ಕೇಳಿದಳು. ಅವಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ ದಿನ ಇಂದುಮತಿ ಊಟ ಮಾಡಲಿಲ್ಲ. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಕಳೆದ ವಾರ ಅವಳ ತಂದೆ ಫೋನ್ ಮಾಡಿದ್ದರು. ಟಾಂಜಾನಿಯಾದ ಟಾಂಗಾ ಬಂದರಿನಲ್ಲಿ ದೋಣಿ ಎಂಜಿನು ರಿಪೇರಿ ಮಾಡುವವರು. ನಿಮ್ಮ ಘಟಕದ ಪ್ರಮಾಣಪತ್ರದಲ್ಲಿ ‘ವೈಯಕ್ತಿಕ ಕಾರಣಗಳಿಂದ ವ್ಯಾಸಂಗ ತೊರೆದಿದ್ದಾರೆ’ ಎಂದು ಬರೆದಿದೆಯಂತೆ. ಊರಿನವರು ಒಂದಕ್ಕೆ ಹತ್ತು ಸೇರಿಸಿ ಮಾತಾಡುತ್ತಿದ್ದಾರಂತೆ. ಮಗಳು ಹೇಳಿದ್ದನ್ನು ನಂಬಲು ಅವರಿಗೇ ಆಗುತ್ತಿಲ್ಲ. ಬಾಡಿಗೆ ಕೊಡಲು ಸಿದ್ಧಳಾಗಿದ್ದವಳಿಗೆ, ಕೀಲಿಕೈ ಕೊಡಲು ಮನೆಯವನೂ ಸಿದ್ಧನಿದ್ದಾಗ, ಮನೆ ಸಿಗಲಿಲ್ಲವೆಂದರೆ ಯಾವ ತಂದೆ ನಂಬುತ್ತಾನೆ? “ನೀವು ದೊಡ್ಡವರು, ನನ್ನಿಂದ ಮುಚ್ಚಿಡಬೇಡಿ. ನನ್ನ ಮಗಳು ಅಲ್ಲಿ ಏನು ತಪ್ಪು ಮಾಡಿದಳು?” ಎಂದು ಕೇಳಿದರು.

ನಾನು ಎಷ್ಟು ಹೇಳಿದರೂ ಅವರಿಗೆ ಅದು ಸಮಾಧಾನದ ಮಾತಾಗಿ ಕೇಳಿಸಿತು. ನನ್ನ ಮಾತಿಗೆ ಸರಕಾರಿ ಮೊಹರಿಲ್ಲ, ನಿಮ್ಮದಕ್ಕಿದೆ. ಆದ್ದರಿಂದ ಪದ್ಧತಿ ಬದಲಿಸಿ ಎಂದು ಕೇಳುವುದಿಲ್ಲ. ಅದು ಬದಲಾಗದೆಂದು ನನಗೆ ಗೊತ್ತು. ಬರುವ ವರ್ಷ ಮತ್ತೊಂದು ಹುಡುಗಿ ಬರುತ್ತಾಳೆ, ಮತ್ತೊಂದು ಬೀದಿ ಸಭೆ ಸೇರುತ್ತದೆ. ನನ್ನ ಬೇಡಿಕೆ ಒಂದೇ. ಆ ಪ್ರಮಾಣಪತ್ರ ಹಿಂತೆಗೆದುಕೊಳ್ಳಿ. ನಿಮ್ಮ ಸಹಿ, ಮೊಹರು ಹಾಕಿ ಆ ತಂದೆಗೆ ಹೀಗೊಂದು ಸಾಲು ಬರೆಯಿರಿ: ನಿಮ್ಮ ಮಗಳು ಯಾವ ತಪ್ಪೂ ಮಾಡಿಲ್ಲ, ಅವಳು ಪಕ್ಕದಲ್ಲಿರುವುದು ನಮ್ಮ ಜನಕ್ಕೆ ಇಷ್ಟವಿರಲಿಲ್ಲ, ನಾವು ಅವರ ಮಾತು ಕೇಳಿದೆವು.

ಇಂತಿ,
ಆ ತಂದೆಯ ಫೋನ್ ಮತ್ತೆ ಬಂದರೆ ಎತ್ತಲು ಹೆದರುವ
ಗಣೇಶಪ್ರಸಾದ್, ವಕೀಲ
ಕಳಮಶ್ಶೇರಿ