ಪಹರೆಯವನಿಗೆ ಕುರ್ಚಿ

ನಜ್ಮಾ, ದೋಹಾ
ಬುಧವಾರ, ೧೫ ಅಕ್ಟೋಬರ್ ೨೦೨೫

ಪ್ರೀತಿಯ ಫ್ಲೋರಿನಕ್ಕಾ,

ಪಲ್ಟನ್ನಿಗೆ ಸೇರುವಾಗ ಕೊಟ್ಟ ಮಾತು: ಹೆಂಡತಿ ಮಕ್ಕಳ ಜೊತೆ ಇರಲು ಕ್ವಾರ್ಟರ್ಸ್. ಸಿಕ್ಕಿದ್ದು: ಇಡೀ ಸರ್ವೀಸಿನಲ್ಲಿ ಒಂದೇ ಸಲ, ಅದೂ ವರ್ಷ ತುಂಬುವ ಮೊದಲೇ ಖಾಲಿ ಮಾಡಿಸಿದರು. ರಿಟೈರಾಗುವಾಗ ಕೊಟ್ಟ ಮಾತು: ಮಾಜಿ ಸೈನಿಕನಿಗೆ ಜಾಗ, ಮೀಸಲು ಕೆಲಸ. ಸಿಕ್ಕಿದ್ದು: ತಾಲೂಕು ಆಫೀಸಿನ ಬೆಂಚು, ಆಗಸ್ಟ್ ಹದಿನೈದಕ್ಕೆ ಒಂದು ಶಾಲು. ಕತಾರಿಗೆ ಕಳಿಸುವಾಗ ಏಜೆಂಟ್ ಕೊಟ್ಟ ಮಾತು: ಸೆಕ್ಯುರಿಟಿ ಇನ್‌ಸ್ಟ್ರಕ್ಟರ್ ಕೆಲಸ, ಎಂಟು ಗಂಟೆ ಡ್ಯೂಟಿ, ಎರಡು ವರ್ಷದೊಳಗೆ ಫ್ಯಾಮಿಲಿ ವೀಸಾ. ಸಿಕ್ಕಿದ್ದು: ಒಂದು ಗೇಟು, ಹನ್ನೆರಡು ಗಂಟೆ, ಆರು ಮಂದಿಯ ರೂಮು. ಗೇಟಿನಲ್ಲಿದ್ದ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ ಜೂನ್‌ನಲ್ಲಿ ಎತ್ತಿಕೊಂಡು ಹೋದರು.

ನೋಡು, ಸಿಟ್ಟಿನಲ್ಲಿ ನಿನ್ನ ಆರೋಗ್ಯ ಕೇಳುವುದೇ ಬಿಟ್ಟುಹೋಯಿತು. ಸೊಂಟನೋವು ಹೇಗಿದೆ? ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತೀಯೋ, ಹಳೇ ಅಭ್ಯಾಸದಂತೆ ಡಬ್ಬಿಯಲ್ಲಿ ಕೂಡಿಡುತ್ತೀಯೋ? ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು ಅನ್ನಬೇಡ ಮಾರಾಯ್ತಿ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಯೂನಿಯನ್ ಸಭೆಯಲ್ಲಿ ಮೈಕ್ ಹಿಡಿದು ಅಭ್ಯಾಸ ನಿನಗೆ. ಮೇಲಾಗಿ ಈ ರೂಮಿನಲ್ಲಿ ಮೇಲಿನ ಮಂಚದವನು ಕೆಮ್ಮಿದರೂ ಕಂಪನಿಗೆ ತಿಳಿಯುತ್ತದೆ. ನಮ್ಮ ಇಗರ್ಜಿಯ ಹುಡುಗ ಜೋವಿನ್ ನಾಳೆ ಮಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ.

ಕುರ್ಚಿ ಯಾಕೆ ಹೋಯಿತು ಕೇಳು. ನಾವು ಕಾಯುವ ಕಟ್ಟಡದ ಕಡೆಯ ದೊಡ್ಡ ಮನುಷ್ಯರೊಬ್ಬರು ಕಾರಿನಿಂದ ಇಳಿಯುವಾಗ ಗಾರ್ಡ್ ಒಬ್ಬ ಕೂತಿದ್ದನಂತೆ. ಅಷ್ಟೇ. ಮರುದಿನ ಎಲ್ಲ ಗೇಟಿನ ಕುರ್ಚಿಗಳೂ ಖಲಾಸ್. ಆಗಸ್ಟ್‌ನಲ್ಲಿ ನನ್ನ ಪಕ್ಕದ ಗೇಟಿನ ಜಾಬಿರ್, ಉಳ್ಳಾಲದವನು, ನಿಂತಲ್ಲೇ ಬೋರಲು ಬಿದ್ದ. ಮುಂದಿನ ಎರಡು ಹಲ್ಲು ಹೋದವು. ಕಂಪನಿ ಅವನ ಮೇಲೆ ಬರೆದದ್ದು ಏನು ಗೊತ್ತೇ? ಡ್ಯೂಟಿಯಲ್ಲಿ ನಿದ್ದೆ. ಆಸ್ಪತ್ರೆಗೆ ಹೋದೆ. ತುಟಿ ಬಾತು ಮಾತು ಸರಿಯಾಗಿ ಬರುತ್ತಿರಲಿಲ್ಲ. "ನಾನು ನಿದ್ದೆ ಮಾಡಿದೆನಾ ಉಸ್ತಾದ್? ಅವರು ಹಾಗೆ ಬರೆದಿದ್ದಾರಲ್ಲ" ಎಂದು ಕೇಳಿದ. ಅಕ್ಕಾ, ಬಿದ್ದವನಿಗೇ ತಾನು ಬಿದ್ದದ್ದೋ ಮಲಗಿದ್ದೋ ಎಂಬ ಅನುಮಾನ ಹುಟ್ಟಿಸುವ ಈ ಸೂಳೆಮಕ್ಕಳ ಧೈರ್ಯ ನೋಡು. ಬೈಗುಳಕ್ಕೆ ಕ್ಷಮಿಸು. ಬೇಡ, ಕ್ಷಮಿಸಬೇಡ.

ಹುಡುಗರು ಒಟ್ಟಾದರು. ಇಲ್ಲಿ ಯೂನಿಯನ್ ಮಾಫಿ, ಇಲ್ಲಿಯವರ ಮಾತಿನಲ್ಲಿ ಇಲ್ಲವೇ ಇಲ್ಲ ಅಂತ, ನಿನ್ನ ಕಾಲದ ಹಾಗೆ ಗೇಟಿನ ಮುಂದೆ ಘೋಷಣೆ ಕೂಗುವಂತಿಲ್ಲ. ಕಂಪನಿಯೂ ಕೆಲಸಗಾರರೂ ಎದುರುಬದುರು ಕೂರುವ ಒಂದು ಕಮಿಟಿ ಇದೆ, ಕಾಗದದ ಮೇಲೆ. ಅದನ್ನು ಕರೆಯಲೇಬೇಕೆಂದು ಪಟ್ಟು ಹಿಡಿದೆವು. ಕೇಳಿದ್ದು ಎರಡು: ಗೇಟಿಗೊಂದು ಕುರ್ಚಿ, ಜಾಬಿರ್ ಮೇಲಿನ ಸುಳ್ಳು ವಾಪಸ್. ಅದು ಗೊತ್ತಾದ ಕೂಡಲೇ ಮ್ಯಾನೇಜರ್ ನನ್ನನ್ನು ಎಸಿ ರೂಮಿಗೆ ಕರೆಸಿದ. ಮೂರು ವರ್ಷದಲ್ಲಿ ಮೊದಲ ಸಲ ನನಗೆ ಕೂರಲು ಹೇಳಿದ, ಚಹಾ ತರಿಸಿದ. "ಸೈಮನ್ ಸಾಬ್, ನೀವು ಫೌಜಿ. ಕಮಿಟಿಯಲ್ಲಿ ಒಂದು ಮಾತು ಹೇಳಿ, ಮಿಲಿಟರಿಯಲ್ಲಿ ನಾವು ಹೀಗೇ ನಿಲ್ಲುತ್ತಿದ್ದೆವು, ಕೂರುವುದು ಸಿವಿಲಿಯನ್ ರೋಗ ಅಂತ. ಉಳಿದದ್ದು ನನಗೆ ಬಿಡಿ." ಉಳಿದದ್ದು ಅಂದರೆ ಸೂಪರ್‌ವೈಸರ್ ಹುದ್ದೆ, ಫ್ಯಾಮಿಲಿ ವೀಸಾ, ಅಲ್ ವುಕೈರ್‌ನಲ್ಲಿ ಎರಡು ರೂಮಿನ ಮನೆ. ಬರುವಾಗ ಅಂಗಿಯ ಮೇಲೆ ಮೆಡಲ್‌ಗಳನ್ನು ಹಾಕಿಕೊಂಡು ಬರಬೇಕಂತೆ.

ನನ್ನ ಇಪ್ಪತ್ತನಾಲ್ಕು ವರ್ಷಕ್ಕೆ ಇವನು ಕಟ್ಟಿದ ಬೆಲೆ ಇದು. ಫೌಜನ್ನು ನಾನು ಹೊಗಳುವವನಲ್ಲ, ನಿನಗೆ ಗೊತ್ತು. ಹರಿದ ಬೂಟಿನಲ್ಲಿ ಹಿಮ ತುಳಿದಿದ್ದೇನೆ. ಸಾಹೇಬರ ನಾಯಿಗೆ ಸ್ನಾನ ಮಾಡಿಸಿದ್ದೇನೆ. ರಾಜಸ್ಥಾನದ ಮರಳಿನಲ್ಲಿ ಹೊಂಡ ತೋಡಿಸಿ, ಸಂಜೆಗೆ ಅದನ್ನೇ ಮುಚ್ಚಿಸಿದರು. ಅಪ್ಪ ತೀರಿಕೊಂಡಾಗ ರಜೆ ಮಂಜೂರಾಗಿ ನಾನು ಊರು ಮುಟ್ಟುವಷ್ಟರಲ್ಲಿ ಸಮಾಧಿಯ ಮೇಲೆ ಹುಲ್ಲು ಬಂದಿತ್ತು. ಸಿಟ್ಟು ಇನ್ನೂ ಇದೆ, ಸಾಯುವತನಕ ಇರುತ್ತದೆ. ಆದರೆ ಪಹರೆಯ ವಿಷಯದಲ್ಲಿ ಪಲ್ಟನ್ ಯಾರಿಗೂ ಮೋಸ ಮಾಡಲಿಲ್ಲ. ಸಂತರಿ, ಅಂದರೆ ಪಹರೆಯವನು, ನಿಲ್ಲುವುದು ಎರಡು ಗಂಟೆ, ಆಮೇಲೆ ಬದಲಿ. ಹಿಮದ ಪೋಸ್ಟಿನಲ್ಲಿ ಅದಕ್ಕೂ ಕಡಿಮೆ. ಒಮ್ಮೆ ಬದಲಿಗೆ ಬರಬೇಕಾದವನು ಜ್ವರದಿಂದ ನಡುಗುತ್ತಿದ್ದ. ಆಗ ನಮ್ಮ ಸುಬೇದಾರ್ ಸಾಹೇಬರು, ಪೆನ್ಶನ್ ಹತ್ತಿರ ಬಂದ ಮುದುಕ, ತಾವೇ ರೈಫಲ್ ಹಿಡಿದು ಮೇಲೆ ಹತ್ತಿ ಬಂದರು. ನಾನು ಇನ್ನೂ ನಿಲ್ಲಬಲ್ಲೆ ಎಂದು ಜಂಬ ಹೊಡೆದೆ. "ಸುಸ್ತಾದ ಸಂತರಿ ಬಟ್ಟೆ ತೊಟ್ಟ ಕಂಬ, ಇಳಿಯೋ ಕೆಳಗೆ" ಎಂದು ಬೈದು ಕಳಿಸಿದರು. ನಾನೇ ಹವಾಲ್ದಾರನಾಗಿ ಗಾರ್ಡ್ ನೋಡಿಕೊಂಡಾಗ ಬದಲಿ ತಡವಾದರೆ ಶಿಕ್ಷೆ ನನಗಿತ್ತು, ನಿಂತವನಿಗಲ್ಲ. ಶತ್ರು ಎದುರಿಗಿದ್ದಾಗ ಇದ್ದ ನ್ಯಾಯ ಪಾರ್ಕಿಂಗ್ ಗೇಟಿಗೆ ಇಲ್ಲವೇ? ಆ ಮುದುಕನ ಬಾಯಿಗೆ ಸುಳ್ಳು ತುರುಕಿ, ಅದನ್ನು ನನ್ನ ಮೆಡಲ್‌ಗಳಿಂದ ಹೊಳೆಯಿಸಬೇಕಂತೆ.

ಗೇರುಬೀಜ ಫ್ಯಾಕ್ಟರಿಯಲ್ಲಿ ನೀವು ನೀರು ಕುಡಿಯಲು ಎದ್ದರೆ ಕೂಲಿ ಹಿಡಿಯುತ್ತಿದ್ದರು. ಏಳುವುದಕ್ಕಾಗಿ ನೀನು ಜಗಳ ಮಾಡಿದೆ, ಈಗ ಕೂರುವುದಕ್ಕಾಗಿ ನಾನು ಮಾಡುತ್ತಿದ್ದೇನೆ. ನಗಬೇಡ. ನಾನು ಪಲ್ಟನ್ನಿಗೆ ಹೊರಟ ದಿನ "ಹೋಗು, ಹುಕುಂ ಕೇಳಿ ಕೇಳಿ ನಾಲಿಗೆ ಬೂಟಿನೊಳಗೆ ಇಳಿಯುತ್ತದೆ ನಿಂದು" ಎಂದಿದ್ದಿಯಲ್ಲ. ಇಳಿದಿಲ್ಲ. ಫೌಜಿಗಳು ಹೇಳಿದಂತೆ ಕೇಳುತ್ತಾರೆ ಎಂಬ ನಂಬಿಕೆಯಿಂದಲೇ ಈ ಕಂಪನಿಗಳು ನಮ್ಮನ್ನು ಆರಿಸಿ ತರುವುದು. ಆ ನಂಬಿಕೆಗೆ ಕಲ್ಲು ಬೀಳಲಿ.

ಅತ್ತಿಗೆಯಾಗಿ ನೀನು ಕ್ರಿಸ್ಟೀನಾಳನ್ನು ನೋಡಿಕೊಂಡಷ್ಟು ಗಂಡನಾಗಿ ನಾನು ನೋಡಿಕೊಳ್ಳಲಿಲ್ಲ, ನಮ್ಮನ್ನು ಆಳಿದವರು ಬಿಡಲಿಲ್ಲ. ದೇವರು ನಿನ್ನ ಸೊಂಟಕ್ಕೂ ನಾಲಿಗೆಗೂ ಬಲ ಕೊಡಲಿ. ಫ್ಯಾಕ್ಟರಿಯ ಹಳೇ ಗೆಳತಿಯರಿಗೆಲ್ಲ ನನ್ನ ನಮಸ್ಕಾರ ಹೇಳು.

ನಿನ್ನ ತಮ್ಮ,
ಸೈಮನ್

ಬರೆಯಲು ಕೈ ಬಾರದೆ ಉಳಿಸಿದ ಮಾತು: ಆ ವೀಸಾ ಬಂದೇಬಿಟ್ಟಿತು ಎಂದು ಕ್ರಿಸ್ಟೀನಾ ನಂಬಿದ್ದಾಳೆ. ಮ್ಯಾನೇಜರ್ ಹೇಳಿದ ದಿನವೇ ಫೋನಿನಲ್ಲಿ ಮನೆಯ ವಿಷಯ ನನ್ನ ಬಾಯಿಂದ ಜಾರಿತು. ಷರತ್ತನ್ನು ಹೇಳಲಾಗಲಿಲ್ಲ, ಅವಳು ಅಷ್ಟು ನಗುತ್ತಿದ್ದಳು. ಸೂಟ್‌ಕೇಸ್ ಕೊಂಡಿದ್ದಾಳೆ, ಕೋಳಿಗಳನ್ನೆಲ್ಲ ಪಕ್ಕದ ಮನೆ ಮಟಿಲ್ಡಾಗೆ ಕೊಟ್ಟೂ ಆಯಿತಂತೆ. ಕಮಿಟಿ ಸಭೆಯಲ್ಲಿ ನಾನು ಮ್ಯಾನೇಜರ್ ಹೇಳಿದ ಮಾತನ್ನು ಹೇಳುವುದಿಲ್ಲ, ಇದ್ದದ್ದನ್ನೇ ಹೇಳುತ್ತೇನೆ. ಆಮೇಲೆ ವೀಸಾ ಇಲ್ಲ, ಬಹುಶಃ ಕೆಲಸವೂ ಇಲ್ಲ. ನೀನು ಹೋಗಿ ಅವಳ ಪಕ್ಕ ಕೂತು ಹೇಳು. ಬೈದರೆ ಬೈಸಿಕೋ, ಅವಳು ಬೈಯುವುದು ನ್ಯಾಯ. ಮಟಿಲ್ಡಾ ಕೊಯ್ಯುವ ಮೊದಲು ಕೋಳಿಗಳನ್ನು ವಾಪಸ್ ತರಲಿ. ಸಭೆ ಶುರುವಾಗುವ ಮೊದಲು ಅವಳಿಗೆ ಗೊತ್ತಿರಬೇಕು, ಅಷ್ಟು ಮಾಡು. ಅಬು ಹಮೂರಿನ ಕಂಪನಿ ಆಫೀಸು, ಇದೇ ಭಾನುವಾರ, ಹತ್ತೊಂಬತ್ತನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ.