ನನ್ನ ಮನೆಯಿಂದ ಬೀದಿಗೆ, ತಮ್ಮ ನಿಯಮದಂತೆ

ವಸತಿ ನೆರವು ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ, ಮೊನ್ನೆ ಸಂಜೆ ಒಬ್ಬ ಮುದುಕಿಯನ್ನೂ ಆಕೆಯ ಮಗಳನ್ನೂ ನನ್ನ ಮನೆಯಿಂದ ಹೊರಗೆ ಕಳುಹಿಸಿದೆ. ತಮ್ಮ ಇಲಾಖೆಯ ನಿಯಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ನಾಗರಿಕ ಈ ಊರಿನಲ್ಲಿ ಇನ್ನೊಬ್ಬನಿರಲಾರ. ತಲೆ ತಗ್ಗಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಿವೃತ್ತನಾದ ಮೇಲೆ ನಾನು ಬಡಾವಣೆಯ ನೆರವು ಕೇಂದ್ರದಲ್ಲಿ ಕುಳಿತು, ದಿಕ್ಕಿಲ್ಲದವರ ಪರವಾಗಿ ಕಚೇರಿಗಳಿಗೆ ಶಿಫಾರಸು ಬರೆಯುವವನು. ಆ ಮಗಳು ನಮ್ಮ ಮನೆಯೆದುರು ತಳ್ಳುಗಾಡಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವಾಕೆ. ಬಾಡಿಗೆಯ ಕೋಣೆಯನ್ನು ಕೆಡವಿದಂದಿನಿಂದ ತಾಯಿಯೊಡನೆ ಗಾಡಿಯ ಕೆಳಗೇ ಮಲಗುತ್ತಿದ್ದಳು. ಮಳೆ ಹಿಡಿದಾಗ ನನ್ನ ಹೆಂಡತಿ ಇಬ್ಬರನ್ನೂ ಒಳಗೆ ಕರೆದು ಹಜಾರದಲ್ಲಿ ಹಾಸಿಗೆ ಹಾಸಿಕೊಟ್ಟಳು. ತಮ್ಮ ವಸತಿಗೃಹದಲ್ಲೊಂದು ಕೋಣೆ ಕೋರಿ ನಾನು ಶಿಫಾರಸು ಬರೆದೆ. ಅದರಲ್ಲಿ ಅಕ್ಷರಲೋಪವಿರಲಿಲ್ಲ, ಸತ್ಯಲೋಪವೂ ಇರಬಾರದೆಂದು 'ಸದ್ಯಕ್ಕೆ ನನ್ನ ಮನೆಯಲ್ಲಿ ಆಶ್ರಯ ಪಡೆದಿದ್ದಾರೆ' ಎಂದು ಸೇರಿಸಿದೆ. ಬರೆಯೆಂದು ಯಾರೂ ಕೇಳಿರಲಿಲ್ಲ.

ಅರ್ಜಿ ತಿರಸ್ಕೃತವಾಯಿತು. ವಿಚಾರಿಸಲು ಹೋದರೆ ತಮ್ಮ ಪರಿಶೀಲಕರು ನನ್ನ ವಾಕ್ಯದ ಮೇಲೆಯೇ ಬೆರಳಿಟ್ಟರು.

"ಯಜಮಾನ್ರೇ, ನಿಮ್ಮ ಹಜಾರದಲ್ಲಿ ಮಲಗ್ತಾರೆ ಅಂದ್ಮೇಲೆ ಅವರಿಗೆ ಸೂರು ಇದೆ ಅಂತಾಯ್ತಲ್ಲ. ನೀವೇ ಬರ್ಕೊಟ್ಟಿದ್ದೀರಿ."

"ಈಗೇನು ಮಾಡಲಿ?"

"ಬೆಳಗಿನ ಜಾವ ನಮ್ಮ ತಂಡ ಬೀದಿ ಸುತ್ತುತ್ತೆ. ಅವರು ಬೀದೀಲಿ ಮಲಗಿದ್ದು ಕಣ್ಣಿಗೆ ಬಿದ್ರೆ ಸೂರಿಲ್ಲ ಅಂತ ಬರ್ಕೋತಾರೆ. ಅಷ್ಟು ಮಾಡ್ಸಿ ಸಾಕು."

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡವರುಂಟು. ಕೈ ಹಿಡಿದೆತ್ತಿ ಅನ್ನಿಸಿಕೊಂಡವನು ನಾನೊಬ್ಬನೇ ಇರಬೇಕು. ಮಾನ್ಯರೇ, ನೆರೆಯವನು ಬಾಗಿಲು ತೆರೆದೊಡನೆ ಇಲಾಖೆ ತನ್ನ ಬಾಗಿಲನ್ನು ಮುಚ್ಚಿಕೊಳ್ಳಬೇಕೆಂಬುದು ಯಾವ ನೀತಿ? ಮಳೆಯಲ್ಲಿ ನೆನೆಯುವವರನ್ನು ನೆನೆಯಲು ಬಿಡುವುದೇ ಪರೋಪಕಾರವೆಂದು ಇನ್ನು ಮುಂದೆ ನಮ್ಮ ಕೇಂದ್ರದ ಗೋಡೆಯ ಮೇಲೆ ಬರೆಸೋಣವೇ?

ವಿಷಯ ತಿಳಿಸಿದಾಗ ಮಗಳು ನಕ್ಕಳು. "ಅವ್ವಾ, ಏಳು. ಬೀದೀಲಿ ಮಲಗೋದಕ್ಕೂ ಪರೀಕ್ಷೆ ಇದೆಯಂತೆ. ಫೇಲಾಗ್ಬೇಡ."

"ನಂಗೆ ಎಲ್ಲಿ ಮಲಗಿದ್ರೂ ಗೊರಕೆ ಬರುತ್ತೆ. ಪಾಸಾಗ್ತೀನಿ ಬಿಡು," ಎಂದು ಮುದುಕಿ ಹಾಸಿಗೆ ಸುತ್ತಿಟ್ಟಳು.

ನನ್ನ ಹೆಂಡತಿ ಮಾತ್ರ ನಗಲಿಲ್ಲ. "ಬಾಗಿಲು ನೀವೇ ಹಾಕ್ಕೊಳ್ಳಿ. ನನ್ನ ಕೈಲಾಗಲ್ಲ," ಎಂದಳು.

ಹಾಕಿದೆ, ಮಾನ್ಯರೇ. ಚಿಲಕದ ಸದ್ದು ಹೊರಗೆ ಕೇಳಿಸದಿರಲೆಂದು ಮೆಲ್ಲಗೆ ಹಾಕಿದೆ. ನನ್ನ ಸಭ್ಯತೆ ಅಷ್ಟರಮಟ್ಟಿನದು.

ನಿನ್ನೆ ತಂಡ ಬರಲಿಲ್ಲ, ವಾಹನ ದುರಸ್ತಿಯಲ್ಲಿದೆಯಂತೆ. ಇಂದೂ ಇಲ್ಲ. ಮುದುಕಿಯ ಮೈ ಜ್ವರದಿಂದ ಸುಡುತ್ತಿದೆ. ಒಳಗೆ ಬನ್ನಿರೆಂದು ಕೈ ಮುಗಿದೆ. ಮಗಳು ತಾಯಿಯ ಕಿವಿಗೆ ಸೆರಗು ಸುತ್ತುತ್ತ ಹೇಳಿದಳು: "ಬೇಡಪ್ಪಾ. ನಿಮ್ಮ ಮನೆಗೆ ಬಂದ್ರೆ ನಮಗೆ ಮನೆ ಸಿಗಲ್ಲ."

ಆ ನಿಯಮವನ್ನು ರದ್ದುಪಡಿಸಿ. ಅದಕ್ಕೆ ಸಭೆ ಸೇರಬೇಕೆಂದಾದರೆ ಸೇರಿ. ಆದರೆ ಇವರಿಗೆ ಕೋಣೆಯನ್ನು ಇಂದೇ ಕೊಡಿ. ಸಾಕ್ಷಿ ಬೇಕಾದರೆ ತಂಡವನ್ನು ಕಾಯದೆ ತಾವೇ ಬನ್ನಿ. ತಳ್ಳುಗಾಡಿಯ ಕೆಳಗೆ ಇಬ್ಬರು ಕಾಣುತ್ತಾರೆ. ಎದುರಿಗೆ ಬಾಗಿಲು ತೆರೆದಿರುವ ಮನೆ ನನ್ನದು. ಅದರೊಳಗೆ ಯಾರೂ ಬರುತ್ತಿಲ್ಲ.

ಇಂತಿ,
ಸೂರಿನಡಿ ಕುಳಿತು ನಾಚುತ್ತಿರುವ,
ನೆರವು ಕೇಂದ್ರದ ಶಿಫಾರಸುಗಾರ